ಬೆಲೆ ಹತ್ತಿರ, ಲ್ಯಾಪ್‌ಟಾಪ್ ಮೂರು: ಕಾಲೇಜಿಗೆ ಯಾವುದು ಸರಿ?

ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ದೊಡ್ಡ ಪಾಲು ಲ್ಯಾಪ್‌ಟಾಪ್ ಖರೀದಿಯ ಕುರಿತಾಗಿರುತ್ತದೆ. ಈ ಬಾರಿ ಬಂದವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಗೊಂದಲ ಬಹುತೇಕ ಎಲ್ಲ ಪೋಷಕರದ್ದೂ ಆಗಿರುವುದರಿಂದ ಅದಕ್ಕೆ ದೀರ್ಘವಾಗಿಯೇ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನನ್ನ ಮಗಳಿಗೆ ಮೈಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೀಟು ದೊರೆತಿದೆ. ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಮೂರು ಲ್ಯಾಪ್‌ಟಾಪ್‌ಗಳಿಗೆ ಕೊಟೇಶನ್ ಪಡೆದಿದ್ದೇನೆ. ಮೂರರಲ್ಲೂ 15.6 ಇಂಚಿನ ಫುಲ್ ಎಚ್‌ಡಿ ಪರದೆ, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಮತ್ತು ವಿಂಡೋಸ್ 11 ಇವೆ. ಪ್ರೊಸೆಸರ್ ಮಾತ್ರ ಬೇರೆ: ಮೊದಲನೆಯದರಲ್ಲಿ ಇಂಟೆಲ್ ಕೋರ್ ಐ3-1215ಯು, ಎರಡನೆಯದರಲ್ಲಿ ಎಎಂಡಿ ರೈಜನ್ 5 7520ಯು, ಮೂರನೆಯದರಲ್ಲಿ ಇಂಟೆಲ್ ಕೋರ್ ಐ5-12450ಎಚ್. ಮೊದಲೆರಡರ ಬೆಲೆ ಹೆಚ್ಚುಕಡಿಮೆ ಒಂದೇ. ಮೂರನೆಯದಕ್ಕೆ ಐದಾರು ಸಾವಿರ ರೂಪಾಯಿ ಹೆಚ್ಚು. ಮೊದಲನೆಯದರಲ್ಲೂ ಮೂರನೆಯದರಲ್ಲೂ ರ್‍ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯಂತೆ. "ಐ3 ಹಳೇ ಮಾತಾಯ್ತು ಸರ್, ರೈಜನ್ 5 ತಗೊಂಡುಬಿಡ್ರಿ" ಎಂಬುದು ಅಂಗಡಿಯವರ ಸಲಹೆ. ನಾಲ್ಕು ವರ್ಷ ಬಾಳಿಕೆ ಬರಬೇಕು. ಯಾವುದನ್ನು ಕೊಳ್ಳಲಿ?
– ಪ್ರಾಥಮಿಕ ಶಾಲಾ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಮೊದಲನೆಯದನ್ನು ಕೊಳ್ಳಿ, ಆದರೆ ಕೊಳ್ಳುವ ದಿನವೇ ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ರ್‍ಯಾಮ್ (ತೆರೆದ ತಂತ್ರಾಂಶಗಳು ಕೆಲಸ ಮಾಡಲು ಬಳಸುವ ತಾತ್ಕಾಲಿಕ ಮೆಮರಿ) ಹಾಕಿಸಿ ಒಟ್ಟು 16 ಜಿಬಿ ಮಾಡಿಕೊಳ್ಳಿ. ಅಂಗಡಿಯವರ ಸಲಹೆಗೆ ವಿರುದ್ಧವಾದ ಈ ತೀರ್ಮಾನಕ್ಕೆ ಬರಲು ಕಾರಣವೇನೆಂಬುದನ್ನು ವಿವರಿಸುತ್ತೇನೆ.

ಈ ಬೆಲೆಯ ಲ್ಯಾಪ್‌ಟಾಪ್‌ಗಳನ್ನು ಹೋಲಿಸುವಾಗ ಎರಡು ಬಗೆಯ ಭಾಗಗಳಿವೆಯೆಂಬುದನ್ನು ಮೊದಲು ಗಮನಿಸಬೇಕು. ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಸಂಗ್ರಹ), ಸ್ಲಾಟ್ ಇದ್ದಲ್ಲಿ ರ್‍ಯಾಮ್, ಕಾಲಕ್ರಮೇಣ ಬ್ಯಾಟರಿ, ಇವನ್ನು ಮುಂದೆ ಬದಲಿಸಬಹುದು. ಪ್ರೊಸೆಸರ್, ಮದರ್‌ಬೋರ್ಡಿಗೇ ಬೆಸೆದ ರ್‍ಯಾಮ್, ಪರದೆಯ ಗುಣಮಟ್ಟ, ಕೀಲಿಮಣೆ, ಚಾರ್ಜಿಂಗ್ ಪೋರ್ಟ್, ಇವು ಕೊಂಡ ದಿನ ಹೇಗಿದ್ದವೋ ನಾಲ್ಕು ವರ್ಷವೂ ಹಾಗೆಯೇ ಇರುತ್ತವೆ. ಪರದೆಯನ್ನು ಬದಲಿಸಬಹುದಾದರೂ ಅದರ ಖರ್ಚು ಈ ಬೆಲೆಯ ಯಂತ್ರಕ್ಕೆ ಹೊಂದುವಂಥದ್ದಲ್ಲ. ಬದಲಿಸಲಾಗದ ಭಾಗಗಳು ಅತ್ಯುತ್ತಮವಾಗಿರಬೇಕಿಲ್ಲ, ಆದರೆ ಮಾಡಬೇಕಾದ ಕೆಲಸಕ್ಕೆ ಸಾಲುವಂತಿರಬೇಕು. ಅವುಗಳಲ್ಲಿ ಒಂದೇ ಒಂದು ಸಾಲದಿದ್ದರೂ ಆ ಲ್ಯಾಪ್‌ಟಾಪನ್ನು ಪಟ್ಟಿಯಿಂದ ಕೈಬಿಡುವುದೇ ಲೇಸು. ನಿಮ್ಮ ಎರಡನೆಯ ಆಯ್ಕೆ ನಿಲ್ಲದಿರುವುದು ಇಲ್ಲಿಯೇ.

ರೈಜನ್ 5 ಎಂಬ ಹೆಸರು ಕೇಳಿದರೆ ಅದು ಐ3ಗಿಂತ ಒಂದು ಮೆಟ್ಟಿಲು ಮೇಲಿನದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಎಎಂಡಿಯ 7000 ಸರಣಿಯಲ್ಲಿ ಸಂಖ್ಯೆಯ ಮೊದಲ ಅಂಕಿ ಯಾವ ವರ್ಷದ ಮಾದರಿ ಎಂಬುದನ್ನು ಸೂಚಿಸುತ್ತದೆಯೇ ಹೊರತು ಒಳಗಿನ ವಿನ್ಯಾಸವನ್ನಲ್ಲ. ವಿನ್ಯಾಸ ಯಾವ ಕಾಲದ್ದೆಂದು ತಿಳಿಯಬೇಕಾದರೆ ಮೂರನೆಯ ಅಂಕಿಯನ್ನು ನೋಡಬೇಕು. 7520ರಲ್ಲಿ ಅದು 2, ಎಂದರೆ 2019ರಲ್ಲಿ ಮಾರುಕಟ್ಟೆಗೆ ಬಂದ ಝೆನ್ 2 ವಿನ್ಯಾಸ. ಅದರಲ್ಲಿ ಇರುವುದು ನಾಲ್ಕು ಕೋರ್, ಎಂದರೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡಬಲ್ಲ ನಾಲ್ಕು ಘಟಕ. ಅದೇ 7530ಯು ಆಗಿದ್ದರೆ ಮೂರನೆಯ ಅಂಕಿ 3 ಆಗುತ್ತಿತ್ತು, ಝೆನ್ 3 ವಿನ್ಯಾಸದ ಆರು ಕೋರ್ ಸಿಗುತ್ತಿತ್ತು, ನನ್ನ ಉತ್ತರವೂ ಬೇರೆಯಾಗುತ್ತಿತ್ತು. ಹತ್ತರ ವ್ಯತ್ಯಾಸದಂತೆ ಕಾಣುವ ಈ ಎರಡು ಸಂಖ್ಯೆಗಳ ನಡುವೆ ಪೂರ್ತಿ ಬೇರೆಯೇ ಆದ ಎರಡು ಪ್ರೊಸೆಸರ್‌ಗಳಿವೆ, ಮತ್ತು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎರಡಕ್ಕೂ ರೈಜನ್ 5 ಎಂದೇ ಅಚ್ಚಾಗಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದುದು. 7520ಯು ಎಲ್‌ಪಿಡಿಡಿಆರ್5 ಬಗೆಯ ಮೆಮರಿಯನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಈ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಇಂದು 8 ಜಿಬಿ ಇದ್ದರೆ ಕೊನೆಯ ಸೆಮಿಸ್ಟರಿನಲ್ಲೂ 8 ಜಿಬಿಯೇ. ಇದೇ ಪ್ರೊಸೆಸರ್ 16 ಜಿಬಿಯೊಂದಿಗೆ ದೊರೆತರೆ ಹಗುರ ಕೆಲಸಕ್ಕೆ ಪರವಾಗಿಲ್ಲ, ಆದರೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಗೆ 8 ಜಿಬಿಯದನ್ನು ಖಂಡಿತ ಕೊಡಿಸಬೇಡಿ.

8 ಜಿಬಿ ಏಕೆ ಸಾಲದೆಂದರೆ, ವಿಂಡೋಸ್ 11 ಮತ್ತು ಹತ್ತಾರು ಟ್ಯಾಬ್ ತೆರೆದ ಒಂದು ಬ್ರೌಸರ್ ಸೇರಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾವೇ ಬಳಸಿಕೊಳ್ಳುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಭಾಗವೂ ತನ್ನ ಮೆಮರಿಯನ್ನು ಇದೇ 8 ಜಿಬಿಯಿಂದಲೇ ಪಡೆಯುತ್ತದೆ. ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ಗಳಲ್ಲಿ ಸಿ ಅಥವಾ ಪೈಥಾನ್ ಪ್ರೋಗ್ರಾಮ್ ಬರೆಯುವಷ್ಟಕ್ಕೆ ಇದು ತೊಂದರೆಯಾಗಲಾರದು. ಮುಂದಿನ ವರ್ಷಗಳಲ್ಲಿ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ (ಪರದೆಯ ಮೇಲಿನ ಅಣಕು ಫೋನ್) ತೆರೆದಾಗ, ಒಂದೇ ಯಂತ್ರದೊಳಗೆ ಲಿನಕ್ಸನ್ನು ವರ್ಚುವಲ್ ಮಷಿನ್ ಆಗಿ ಓಡಿಸಿದಾಗ, ಡೇಟಾಬೇಸ್ ಮತ್ತು ವೆಬ್ ಸರ್ವರ್ ಎರಡನ್ನೂ ಜೊತೆಗೆ ನಡೆಸಿದಾಗ ರ್‍ಯಾಮ್ ಮುಗಿದು, ವಿಂಡೋಸ್ ಎಸ್‌ಎಸ್‌ಡಿಯ ಒಂದು ಭಾಗವನ್ನೇ ರ್‍ಯಾಮ್‌ನಂತೆ ಬಳಸತೊಡಗುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ್‍ಯಾಮ್‌ನ ವೇಗಕ್ಕೆ ಸಮನಾಗದು. ಆಗಲೇ ಲ್ಯಾಪ್‌ಟಾಪ್ ತಡೆತಡೆದು ನಡೆಯುವುದು. ಎರಡು ಸ್ಲಾಟ್‌ಗಳಲ್ಲಿ ತಲಾ 8 ಜಿಬಿ ಇರುವುದರಿಂದ ಇನ್ನೊಂದು ಲಾಭವೂ ಇದೆ: ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮೆಮರಿಯನ್ನು ತಲುಪುತ್ತದೆ, ಮತ್ತು ಅದರ ಪ್ರಯೋಜನ ಹೆಚ್ಚಾಗಿ ಗ್ರಾಫಿಕ್ಸಿಗೆ ಸಿಗುತ್ತದೆ.

ಮೂರನೆಯದರ ವಿಷಯ. ಪ್ರೊಸೆಸರ್ ಬದಲಿಸಲಾಗದ ಭಾಗವಲ್ಲವೇ, ಹಾಗಿದ್ದರೆ ಮೇಲಿನದನ್ನೇ ಕೊಂಡು ರ್‍ಯಾಮ್ ಆಮೇಲೆ ಹಾಕಿಸಿದರಾಗದೇ ಎಂದು ನೀವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಐ5-12450ಎಚ್‌ನಲ್ಲಿ ವೇಗದ ನಾಲ್ಕು ಕೋರ್ ಮತ್ತು ಮಿತವ್ಯಯದ ನಾಲ್ಕು ಕೋರ್ ಇವೆ; ಐ3-1215ಯುನಲ್ಲಿ ವೇಗದವು ಎರಡು, ಮಿತವ್ಯಯದವು ನಾಲ್ಕು. ಎರಡೂ ಇಂಟೆಲ್‌ನ ಹನ್ನೆರಡನೆಯ ಪೀಳಿಗೆಯವೇ. ಆದ್ದರಿಂದ ಒಂದೆರಡು ಕೋರ್ ಸಾಕಾಗುವ ದಿನನಿತ್ಯದ ಕೆಲಸಗಳಲ್ಲಿ ಇವುಗಳ ನಡುವಿನ ಅಂತರ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ, ವಿಡಿಯೋ ಸಂಕಲನ ಮಾಡುವಾಗ ಮೂರನೆಯದು ನಿಚ್ಚಳವಾಗಿ ಮುಂದೆ ಹೋಗುತ್ತದೆ. ಆದರೆ ಹೆಸರಿನ ಕೊನೆಯಲ್ಲಿರುವ ಯು ಮತ್ತು ಎಚ್ ಅಕ್ಷರಗಳನ್ನು ಮರೆಯಬಾರದು. ಯು ಸಾಲಿನ ಪ್ರೊಸೆಸರ್ 15 ವ್ಯಾಟ್ ಮೂಲಶಕ್ತಿಗೆ, ಎಚ್ ಸಾಲಿನದು 45 ವ್ಯಾಟ್‌ಗೆ ರೂಪುಗೊಂಡಿದೆ. ಫ್ಯಾನಿನ ಸದ್ದು, ತಳದ ಬಿಸಿ, ದೊಡ್ಡ ಚಾರ್ಜರ್ ಮತ್ತು ಬೇಗ ಕರಗುವ ಬ್ಯಾಟರಿ ಅದರೊಂದಿಗೇ ಬರುತ್ತವೆ. ಐ3-1215ಯು ನಿಮ್ಮ ಮಗಳ ಓದಿಗೆ ಸಾಲುತ್ತದೆ. 8 ಜಿಬಿ ರ್‍ಯಾಮ್ ಸಾಲುವುದಿಲ್ಲ. ಆದ್ದರಿಂದ ಆ ಐದಾರು ಸಾವಿರವನ್ನು ಪ್ರೊಸೆಸರಿಗೆ ಕೊಡುವ ಬದಲು ರ್‍ಯಾಮ್‌ಗೆ ಕೊಡಿ ಎನ್ನುತ್ತೇನೆ. ಎರಡಕ್ಕೂ ಹಣವಿದ್ದು, ಅವಳಿಗೆ ಆಟಗಳ ರಚನೆಯಲ್ಲೋ ವಿಡಿಯೋ ಕೆಲಸದಲ್ಲೋ ಒಲವಿದ್ದರೆ ಮಾತ್ರ ಮೂರನೆಯದು ಸಾರ್ಥಕ. ಕೃತಕ ಬುದ್ಧಿಮತ್ತೆಯ ವಿಷಯಗಳಿಗೆ ದೊಡ್ಡ ಯಂತ್ರ ಬೇಕಾಗುತ್ತದೆಂಬ ಆತಂಕವೂ ಬೇಡ. ಅಂಥ ಅಭ್ಯಾಸಗಳನ್ನು ಗೂಗಲ್ ಕೊಲ್ಯಾಬ್‌ನಂಥ ಸೇವೆಗಳಲ್ಲಿ ಬ್ರೌಸರ್ ಮೂಲಕವೇ, ಒಂದು ಮಿತಿಯೊಳಗೆ ಉಚಿತವಾಗಿ ಮಾಡಬಹುದು.

ರ್‍ಯಾಮ್ ಆಮೇಲೆ ನೋಡಿಕೊಳ್ಳೋಣ ಎಂಬ ಮಾತು ಕೆಲವು ವರ್ಷಗಳ ಹಿಂದೆ ಸರಿಯಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಮುಂದೆ ಅಗ್ಗವಾಗುತ್ತದೆಂದು ನಂಬಿ ಕಾಯುವ ಕಾಲ ಇದಲ್ಲ. ಲ್ಯಾಪ್‌ಟಾಪ್ ಮತ್ತು ಹೆಚ್ಚುವರಿ ರ್‍ಯಾಮ್ ಎರಡಕ್ಕೂ ಒಟ್ಟಿಗೆ ಬೆಲೆ ಕೇಳಿ. ಒಳಗಿರುವುದು ಡಿಡಿಆರ್4 ಆಗಿದ್ದರೆ ಸೇರಿಸುವುದೂ ಡಿಡಿಆರ್4 ಆಗಿರಲೇಬೇಕು, ಏಕೆಂದರೆ ಡಿಡಿಆರ್5 ಆ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ರ್‍ಯಾಮ್ ಸೇರಿಸಿದ ಮೇಲೂ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೇಳಿ ಖಚಿತಪಡಿಸಿಕೊಂಡು, ಸಾಧ್ಯವಿದ್ದರೆ ಅಲ್ಲಿಯೇ ಹಾಕಿಸಿ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆಗಳಿವೆ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದ ಮೆಮರಿ ಪುಟದಲ್ಲಿ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಅಂಗಡಿಯವರ ಮಾತು ನಿಜ. ಆದರೂ ಕೆಲವು ಮಾದರಿಗಳು ಬೆಸೆದ ಮೆಮರಿಯನ್ನೂ ಒಂದು ಸ್ಲಾಟ್ ಎಂದೇ ಲೆಕ್ಕ ಹಾಕಿ ತೋರಿಸುವುದರಿಂದ, ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರಪಟ್ಟಿಯನ್ನೂ ಒಮ್ಮೆ ನೋಡುವುದು ಕ್ಷೇಮ. ಆಮೇಲೆ ಪರದೆಯ ಎದುರಿನಿಂದ ಬದಿಗೆ ಸರಿದು ನೋಡಿ. ಬಣ್ಣಗಳು ತಿರುವುಮುರುವಾಗಿ ಚಿತ್ರ ಮಂಕಾದರೆ ಅದು ಟಿಎನ್ ಬಗೆಯ ಪರದೆ. ಐಪಿಎಸ್ ಬಗೆಯದರಲ್ಲಿ ಹಾಗಾಗುವುದಿಲ್ಲ. ಈ ಬೆಲೆಯಲ್ಲಿ ಹೊಳಪು ಸಾಮಾನ್ಯವಾಗಿ 250 ನಿಟ್ಸ್‌ನಷ್ಟೇ ಇರುತ್ತದೆ. ಕೋಣೆಯೊಳಗೆ ಅಷ್ಟು ಸಾಕು, ಆದರೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತರೆ ಸಾಲದು; 300 ನಿಟ್ಸ್ ಸಿಕ್ಕರೆ ಕೆಲವು ನೂರು ರೂಪಾಯಿ ಹೆಚ್ಚಾದರೂ ಬಿಡಬೇಡಿ. ಮಗಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅರ್ಧ ಪುಟದಷ್ಟಾದರೂ ಅವಳಿಂದಲೇ ಟೈಪ್ ಮಾಡಿಸಿ. ನಾಲ್ಕು ವರ್ಷ ಆ ಕೀಲಿಗಳ ಮೇಲೆ ಕೈಯಾಡಿಸುವವಳು ಅವಳು. ಕೊನೆಯದಾಗಿ, ಒಂದೇ ಹೆಸರಿನಡಿ ಬೇರೆ ಬೇರೆ ಪರದೆ ಮತ್ತು ಬ್ಯಾಟರಿಯ ಮಾದರಿಗಳು ಮಾರಾಟವಾಗುತ್ತವೆ; ಪೆಟ್ಟಿಗೆಯ ಮೇಲಿನ ಪೂರ್ಣ ಮಾದರಿ ಸಂಖ್ಯೆಯೇ ಬಿಲ್ಲಿನಲ್ಲೂ ಇರಬೇಕು.

ಪ್ರಶ್ನೆ: ನಾನು ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿ. ಮನೆಯಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಗಿಂತ ಹೆಚ್ಚು ಹೊಂದಿಸುವುದು ಕಷ್ಟ. ಈ ಹಣಕ್ಕೆ ಹೊಸ ಕ್ರೋಮ್‌ಬುಕ್ ಸಿಗುತ್ತದೆ, ಇಂಟೆಲ್ ಎನ್100 ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪೂ ಸಿಗುತ್ತದೆ. ಕಂಪನಿಗಳಲ್ಲಿ ಬಳಸಿದ ಹಳೆಯ ಲ್ಯಾಪ್‌ಟಾಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಎನ್ನುತ್ತಾರೆ. ಯಾವುದು ಒಳ್ಳೆಯದು?
– ವಿದ್ಯಾರ್ಥಿ, ಹಾಸನ

ಉತ್ತರ: ಕ್ರೋಮ್‌ಬುಕ್ ನಿಮಗಲ್ಲ, ಅದರಲ್ಲಿರುವುದು ವಿಂಡೋಸ್ ಅಲ್ಲ, ಗೂಗಲ್ ಕಂಪನಿಯ ಕ್ರೋಮ್ ಓಎಸ್. ನಿಮ್ಮ ಓದಿನಲ್ಲಿ ಟ್ಯಾಲಿ ಬರುತ್ತದೆ, ಅದಕ್ಕೆ ವಿಂಡೋಸ್ ಬೇಕು. ಎಕ್ಸೆಲ್ ಕೂಡ ಕ್ರೋಮ್‌ಬುಕ್ಕಿನಲ್ಲಿ ಬ್ರೌಸರ್ ರೂಪದಲ್ಲಷ್ಟೇ ದೊರೆಯುತ್ತದೆ. ಉಳಿದವು ಎರಡು.

ಎನ್100 ಪ್ರೊಸೆಸರಿನಲ್ಲಿ ಮಿತವ್ಯಯದ ನಾಲ್ಕು ಕೋರ್ ಮಾತ್ರ ಇವೆ. ವೇಗದ ಕೋರ್ ಒಂದೂ ಇಲ್ಲ. ಲೆಕ್ಕಪತ್ರ, ಟ್ಯಾಲಿ, ಆನ್‌ಲೈನ್ ತರಗತಿ, ಪವರ್‌ಪಾಯಿಂಟ್ ಇಷ್ಟನ್ನು ಅದು ಸಮಾಧಾನವಾಗಿ ನಡೆಸುತ್ತದೆ, ವಿದ್ಯುತ್ತನ್ನು ಕಡಿಮೆ ಬಳಸುತ್ತದೆ, ಹೊಸದಾದ್ದರಿಂದ ವಾರಂಟಿಯೂ ಇರುತ್ತದೆ. ಆದರೆ ಒಂದು ಷರತ್ತನ್ನು ಸಡಿಲಿಸಬೇಡಿ: 8 ಜಿಬಿ ರ್‍ಯಾಮ್ ಮತ್ತು ನಿಜವಾದ ಎಸ್‌ಎಸ್‌ಡಿ ಇರಬೇಕು. ಅಗ್ಗದ ಕೆಲವು ಯಂತ್ರಗಳಲ್ಲಿ 4 ಜಿಬಿ ರ್‍ಯಾಮ್ ಮತ್ತು ಇಎಂಎಂಸಿ ಎಂಬ ನಿಧಾನಗತಿಯ ಸಂಗ್ರಹ ಇರುತ್ತದೆ. ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬಾರದು, ವಿಂಡೋಸಿನ ಅಪ್‌ಡೇಟ್‌ಗಳೇ ಅದನ್ನು ತುಂಬಿಬಿಡುತ್ತವೆ. ಅಂದಹಾಗೆ, ಐ3-ಎನ್305 ಎಂಬ ಪ್ರೊಸೆಸರ್ ಕೂಡ ಇದೇ ಬಳಗದ್ದು. ಹೆಸರಿನಲ್ಲಿ ಐ3 ಇದ್ದರೂ ಅದರ ಎಂಟೂ ಕೋರ್‌ಗಳು ಮಿತವ್ಯಯದವೇ. ಎನ್100ಗಿಂತ ಅದು ಮೇಲು, ಆದರೆ ಮೇಲಿನ ಪತ್ರದ ಐ3ಗೆ ಸಮವಲ್ಲ.

ಹಳೆಯ ಆಫೀಸ್ ಲ್ಯಾಪ್‌ಟಾಪ್‌ಗಳ ಕೀಲಿಮಣೆ, ಕೀಲು, ಹೊರಮೈ ಈ ಬೆಲೆಯ ಯಾವ ಹೊಸ ಯಂತ್ರಕ್ಕಿಂತಲೂ ಗಟ್ಟಿ ಎಂಬುದು ನಿಜ, ಮತ್ತು ಜೊತೆಗೆ ತಿಳಿದವರೊಬ್ಬರು ಬರುವುದಾದರೆ ನನ್ನ ಒಲವು ಅದರ ಕಡೆಗೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಐ5-8250ಯು ಎಂಬಲ್ಲಿ ಗೆರೆಯ ಬಲಗಡೆಯ 8 ಆ ಪೀಳಿಗೆಯನ್ನು ಸೂಚಿಸುತ್ತದೆ. ಅಲ್ಲಿ 6 ಅಥವಾ 7 ಇದ್ದರೆ ಬೇಡ. ಅಂಥ ಯಂತ್ರಗಳಿಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವುದುಂಟು, ಆದ್ದರಿಂದ ವಿಂಡೋಸ್ 11 ಓಡುತ್ತಿರುವುದನ್ನು ನೋಡಿದರಷ್ಟೇ ಸಾಲದು, ಪ್ರೊಸೆಸರಿನ ಸಂಖ್ಯೆಯನ್ನು ಓದಬೇಕು. ಬ್ಯಾಟರಿಯ ಸ್ಥಿತಿಯನ್ನು ತಿಳಿಯಲು ವಿಂಡೋಸಿನೊಳಗೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯವಿದೆ. ಅದರಲ್ಲಿ ತಯಾರಾದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧದಷ್ಟಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಯಂತ್ರವನ್ನು ನಿಮ್ಮೆದುರೇ ರೀಸೆಟ್ ಮಾಡಿಸಿ, ಇಂಟರ್‌ನೆಟ್ ಸಂಪರ್ಕ ಕೊಟ್ಟು ಮೊದಲಿನಿಂದ ಆರಂಭಿಸಲು ಹೇಳುವುದು ಅತಿ ಮುಖ್ಯ. ಹಿಂದಿನ ಕಂಪನಿಯ ನೋಂದಣಿಯಿಂದ ಬಿಡಿಸದ ಲ್ಯಾಪ್‌ಟಾಪ್ ಆಗ ಆ ಕಂಪನಿಯ ಲಾಗಿನ್ ಕೇಳುತ್ತದೆ, ಅದನ್ನು ನೀವು ಏನು ಮಾಡಿದರೂ ಬಳಸಲಾಗದು. ಇಷ್ಟೆಲ್ಲ ಪರೀಕ್ಷಿಸಲು ಜೊತೆಗೆ ಯಾರೂ ಇಲ್ಲವೆಂದಾದರೆ ಎನ್100 ಇರುವ ಹೊಸ ಯಂತ್ರವೇ ನಿಮಗೆ ಸುರಕ್ಷಿತ.

ಪ್ರಶ್ನೆ: ನನ್ನ ತಂಗಿ ಮಂಗಳೂರಿನಲ್ಲಿ ಆರ್ಕಿಟೆಕ್ಚರ್‌ಗೆ ಸೇರಿದ್ದಾಳೆ, ನನ್ನ ತಮ್ಮ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ. ಇಬ್ಬರಿಗೂ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತೆ. ಇದು ನಿಜಕ್ಕೂ ಅಗತ್ಯವೇ?
– ಬ್ಯಾಂಕ್ ಉದ್ಯೋಗಿ, ಪುತ್ತೂರು

ಉತ್ತರ: ತಂಗಿಗೆ ಅಗತ್ಯ, ತಮ್ಮನಿಗೆ ಈಗಲೇ ಬೇಕಿಲ್ಲ.

ಆಟೋಕ್ಯಾಡ್‌ನಲ್ಲಿ ಎರಡು ಆಯಾಮದ ನಕ್ಷೆ ಬಿಡಿಸುವುದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಆರ್ಕಿಟೆಕ್ಚರ್‌ನಲ್ಲಿ ಕಟ್ಟಡದ ಮೂರು ಆಯಾಮದ ಮಾದರಿಯನ್ನು ರೆವಿಟ್ ಅಥವಾ ಸ್ಕೆಚ್‌ಅಪ್‌ನಲ್ಲಿ ಕಟ್ಟಿ, ಬೆಳಕು ನೆರಳು ಸಹಿತ ರೆಂಡರ್ ಮಾಡುವ ಕೆಲಸ ಬೇಗನೆ ಆರಂಭವಾಗಿ ಐದು ವರ್ಷವೂ ನಡೆಯುತ್ತದೆ. ಅಲ್ಲಿ ಆರ್‌ಟಿಎಕ್ಸ್ 3050ರಂಥ ಕಾರ್ಡ್ ಗಂಟೆಗಳ ಕೆಲಸವನ್ನು ಗಣನೀಯವಾಗಿ ತಗ್ಗಿಸುತ್ತದೆ, ಮತ್ತು ಲ್ಯಾಪ್‌ಟಾಪಿಗೆ ಅದನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಕಾರ್ಡಿನೊಳಗಿನ ಮೆಮರಿ 4 ಜಿಬಿ ಇರುವುದಕ್ಕಿಂತ 6 ಜಿಬಿ ಇರುವುದನ್ನು ಆರಿಸಿ. ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಅವಳ ಕೆಲಸ ಬಣ್ಣಗಳೊಂದಿಗೂ ಆಗಿರುವುದರಿಂದ ವಿವರಪಟ್ಟಿಯಲ್ಲಿ ಬಣ್ಣಗಳ ವ್ಯಾಪ್ತಿ 45 ಶೇಕಡಾ ಎನ್‌ಟಿಎಸ್‌ಸಿ ಎಂದು ಬರೆದಿರುವ ಪರದೆ ಅವಳಿಗೆ ಹೊಂದುವುದಿಲ್ಲ. ಅದರಲ್ಲಿ ಇಟ್ಟಿಗೆಯ ಕೆಂಪೂ ಮಂಕು, ಹುಲ್ಲಿನ ಹಸಿರೂ ಮಂಕು. 100 ಶೇಕಡಾ ಎಸ್‌ಆರ್‌ಜಿಬಿ ಎಂದಿರುವುದನ್ನೇ ಹುಡುಕಿ.

ತಮ್ಮನ ಮೊದಲ ವರ್ಷದಲ್ಲಿ ಮೂಲ ವಿಜ್ಞಾನದ ವಿಷಯಗಳೇ ಹೆಚ್ಚು. ಆಮೇಲೆ ಸಾಲಿಡ್‌ವರ್ಕ್ಸ್, ಆನ್ಸಿಸ್‌ನಂಥವು ಬರುತ್ತವೆ. ಆದರೆ ವಿದ್ಯಾರ್ಥಿ ಮಟ್ಟದ ಬಿಡಿಭಾಗಗಳ ವಿನ್ಯಾಸಕ್ಕೆ 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಪ್ರೊಸೆಸರ್ ಇದ್ದರೆ ನಡೆಯುತ್ತದೆ, ದೊಡ್ಡ ವಿಶ್ಲೇಷಣೆಗಳಿಗೆ ಕಾಲೇಜಿನ ಪ್ರಯೋಗಾಲಯ ಇದೆ. ಮೊದಲ ಪತ್ರದ ಉತ್ತರದಲ್ಲಿ ನಾನು ಬೇಡವೆಂದ 12450ಎಚ್ ಇವನ ಪಾಲಿಗೆ ಸೂಕ್ತ. ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಚಾರ್ಜರ್ ಬೇರೆ. ದಿನವೂ ಬಸ್ಸಿನಲ್ಲಿ ಹೊತ್ತೊಯ್ಯುವವನು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ಹೊಸ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಹಳ ಹೊತ್ತು ಬರುತ್ತದೆಯಾದರೂ ಇವರಿಬ್ಬರೂ ಅದನ್ನು ಕೊಳ್ಳಬಾರದು, ಏಕೆಂದರೆ ಎಂಜಿನಿಯರಿಂಗ್ ತಂತ್ರಾಂಶಗಳಲ್ಲಿ ಹಲವು ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೆಂದೇ ಬರೆದವು. ಆಟೋಕ್ಯಾಡ್ ಮತ್ತು ರೆವಿಟ್‌ಗೆ ಹಣ ಕೊಡಬೇಕಾಗಿಲ್ಲ. ವಿದ್ಯಾರ್ಥಿಯೆಂದು ದೃಢಪಡಿಸಿದರೆ ಆಟೋಡೆಸ್ಕ್ ಕಂಪನಿ ಒಂದು ವರ್ಷದ ಪರವಾನಗಿಯನ್ನು ಉಚಿತವಾಗಿ ಕೊಡುತ್ತದೆ, ಪ್ರತಿ ವರ್ಷ ನವೀಕರಿಸಿಕೊಳ್ಳಬಹುದು.

ಪ್ರಶ್ನೆ: ಕನ್ನಡ ಎಂ.ಎ. ಓದುತ್ತಿದ್ದೇನೆ. ಟೈಪಿಂಗ್, ಓದು, ಪ್ರಬಂಧ ಇಷ್ಟೇ ನನ್ನ ಕೆಲಸ. ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಕೆಲವು ಸಾವಿರ ಕಡಿಮೆಗೆ ಸಿಗುತ್ತದೆ. ಅದನ್ನು ಕೊಳ್ಳಬಹುದೇ? ಹನ್ನೆರಡು ಗಂಟೆ ಬ್ಯಾಟರಿ ಬರುತ್ತದೆಂದು ಜಾಹೀರಾತಿನಲ್ಲಿದೆ, ಅದು ನಂಬಲರ್ಹವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ವಿಭಾಗದವರೂ ಮಾರ್ಗದರ್ಶಕರೂ ಯಾವ ರೂಪದಲ್ಲಿ ಕಡತಗಳನ್ನು ಕೇಳುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ) ಕೇಳುವುದಾದರೆ ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡು ಲಿಬ್ರೆಆಫೀಸ್‌ನಲ್ಲಿ ಆರಾಮವಾಗಿ ಬರೆಯಬಹುದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ನಮ್ಮೆಲ್ಲರ ಬೆರಳಿಗೆ ರೂಢಿಯಾಗಿರುವ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಉಚಿತವಾಗಿ ದೊರೆಯುತ್ತದೆ. ಆದರೆ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿರುವ ಕಡತಗಳು ನಿಮ್ಮ ಕೈಗೆ ಆಗಾಗ ಬರುತ್ತವೆಂದಾದರೆ ವಿಂಡೋಸ್ ಇರುವುದನ್ನೇ ಕೊಳ್ಳಿ. ಕಡತ ಪರಿವರ್ತನೆಯ ಕಿರಿಕಿರಿಯನ್ನು ಪ್ರಬಂಧ ಸಲ್ಲಿಸುವ ವಾರದಲ್ಲಿ ಯಾರೂ ಬಯಸುವುದಿಲ್ಲ.

ನಿಮ್ಮ ವಿಷಯದಲ್ಲಿ ಪ್ರೊಸೆಸರಿಗಿಂತ ಪರದೆ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. 15.6 ಇಂಚಿನಲ್ಲಿ 1366 ಅಡ್ಡ 768 ಬಿಂದುಗಳ ಹಳೆಯ ಬಗೆಯ ಪರದೆ ಇನ್ನೂ ಮಾರಾಟದಲ್ಲಿದೆ. ಇಂಗ್ಲಿಷ್ ಅಕ್ಷರಗಳಿಗೆ ಅದು ಹೇಗೋ ಸಾಕಾದೀತು. ಕನ್ನಡದ ಒತ್ತಕ್ಷರಗಳು, ವಟ್ರಸುಳಿ, ದೀರ್ಘದ ಕೊಂಬುಗಳು ಅದರಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ದಿನವಿಡೀ ಓದಿದರೆ ಕಣ್ಣು ಸೋಲುತ್ತದೆ. 14 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಅಕ್ಷರ ಹೆಚ್ಚು ಸ್ಪಷ್ಟ, ಹೊರಲೂ ಹಗುರ. ಮೊದಲ ಉತ್ತರದಲ್ಲಿ ನಾನು ಕೈಬಿಡಿ ಎಂದ ರೈಜನ್ 5 7520ಯು ಇಂಥ ಪರದೆಯೊಂದಿಗೆ ಸಿಕ್ಕರೆ ನೀವು ಧೈರ್ಯವಾಗಿ ಕೊಳ್ಳಬಹುದು. ಬರವಣಿಗೆಗೂ ಓದಿಗೂ ಅದು ಸಾಲುತ್ತದೆ.

ಇನ್ನು ಬ್ಯಾಟರಿ. ಜಾಹೀರಾತಿನ ಗಂಟೆಗಳನ್ನು ಬಿಟ್ಟು ವಿವರಪಟ್ಟಿಯಲ್ಲಿರುವ ವ್ಯಾಟ್-ಅವರ್ ಸಂಖ್ಯೆಯನ್ನು ನೋಡಿ. ಈ ಬೆಲೆಯಲ್ಲಿ ಅದು ಬಹುತೇಕ 40ರಿಂದ 50ರ ಒಳಗಿರುತ್ತದೆ. ಹೊಳಪನ್ನು ಮಧ್ಯಮದಲ್ಲಿಟ್ಟು ಬರೆಯುವಾಗ, ಬ್ರೌಸರ್ ನೋಡುವಾಗ ಯು ಸಾಲಿನ ಲ್ಯಾಪ್‌ಟಾಪ್ ಏಳೆಂಟು ವ್ಯಾಟ್ ಬಳಸುತ್ತದೆಂದು ಇಟ್ಟುಕೊಂಡರೆ, 42 ವ್ಯಾಟ್-ಅವರ್ ಬ್ಯಾಟರಿ ಐದಾರು ಗಂಟೆ ಬರುತ್ತದೆ. ಹನ್ನೆರಡು ಗಂಟೆ ಎನ್ನುವುದು ಹೊಳಪನ್ನು ತಗ್ಗಿಸಿ ವಿಡಿಯೋ ಓಡಿಸಿದಂಥ ಪರೀಕ್ಷೆಯ ಫಲಿತಾಂಶ. ತರಗತಿಯಲ್ಲಿ ಅಷ್ಟನ್ನು ನಿರೀಕ್ಷಿಸಬೇಡಿ. ಟೈಪ್-ಸಿ ಪೋರ್ಟಿನ ಮೂಲಕ ಚಾರ್ಜ್ ಆಗುತ್ತದೆಯೇ ಎಂದು ಸಹ ಕೇಳಿ. ಪೋರ್ಟ್ ಇದ್ದ ಮಾತ್ರಕ್ಕೆ ಚಾರ್ಜ್ ಆಗಬೇಕೆಂದಿಲ್ಲ, ಎಷ್ಟೋ ಅಗ್ಗದ ಮಾದರಿಗಳಲ್ಲಿ ಅದು ಕಡತ ವರ್ಗಾವಣೆಗೆ ಮಾತ್ರ. ಚಾರ್ಜ್ ಆಗುವುದಾದರೆ, ಚಾರ್ಜರ್ ಕೆಟ್ಟ ದಿನ ಹಾಸ್ಟೆಲಿನಲ್ಲಿ ಯಾರ ಬಳಿಯಾದರೂ ಇರುವ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್‌ನಿಂದ ಕೆಲಸ ಸಾಗುತ್ತದೆ.

ಪ್ರಶ್ನೆ: ಮಗನಿಗೆ ಲ್ಯಾಪ್‌ಟಾಪ್ ಯಾವುದೆಂದು ಆಯ್ಕೆ ಮಾಡಿಯಾಗಿದೆ. ಆನ್‌ಲೈನ್‌ನಲ್ಲಿ ಸುಮಾರು ಎರಡು ಸಾವಿರ ಕಡಿಮೆ ಇದೆ. ಊರಿನ ಅಂಗಡಿಯಲ್ಲಿ ಬ್ಯಾಗು, ಮೌಸ್, ಆ್ಯಂಟಿವೈರಸ್ ಉಚಿತ. ಬಡ್ಡಿರಹಿತ ಕಂತಿನಲ್ಲಿ ಕೊಳ್ಳುವುದೋ, ಅವನ ಶಿಕ್ಷಣ ಸಾಲದಲ್ಲೇ ಸೇರಿಸುವುದೋ ಎಂಬುದೂ ತಿಳಿಯುತ್ತಿಲ್ಲ.
– ಗೃಹಿಣಿ, ಶಿವಮೊಗ್ಗ

ಉತ್ತರ: ಆ್ಯಂಟಿವೈರಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ವಿಂಡೋಸ್‌ನೊಂದಿಗೇ ಬರುವ ರಕ್ಷಣೆ ವಿದ್ಯಾರ್ಥಿಗೆ ಸಾಕು. ಬ್ಯಾಗು ಮತ್ತು ಮೌಸ್‌ಗೆ ಒಂದು ಬೆಲೆ ಕಟ್ಟಿ, ಉಳಿದ ವ್ಯತ್ಯಾಸವನ್ನು ಅಂಗಡಿಯವರ ಮುಂದಿಟ್ಟು ಕೇಳಿ ನೋಡಿ. ಇಳಿಸಿದರೆ ಅಲ್ಲಿಯೇ ಕೊಳ್ಳುವುದು ಒಳ್ಳೆಯದು, ಮೊದಲ ವಾರದಲ್ಲಿ ಏನಾದರೂ ತೊಂದರೆ ಕಂಡರೆ ಹೋಗಿ ತೋರಿಸಬಹುದು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರಲಿ. ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ 18 ಶೇಕಡಾ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ, ವಾರಂಟಿಯ ದಿನಾಂಕ ಲೆಕ್ಕಕ್ಕೆ ಬರುವುದು ಆ ಬಿಲ್ಲಿನಿಂದಲೇ. ವಾರಂಟಿ ಆನ್‌ಸೈಟ್ ಆಗಿದ್ದರೆ ತಂತ್ರಜ್ಞರು ನೀವಿದ್ದಲ್ಲಿಗೆ ಬರುತ್ತಾರೆ, ಇಲ್ಲವಾದರೆ ನೀವೇ ಹೊತ್ತೊಯ್ಯಬೇಕು. ಮಗ ಓದುವ ಊರಿನಲ್ಲಿ ಆ ಕಂಪನಿಯ ಸರ್ವೀಸ್ ಸೆಂಟರ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ಕೊಂಡರೆ ಪೆಟ್ಟಿಗೆಯನ್ನು ತೆರೆಯುವುದನ್ನು ಮೊಬೈಲಿನಲ್ಲಿ ಪೂರ್ತಿಯಾಗಿ ಚಿತ್ರೀಕರಿಸಿ.

ಬಡ್ಡಿರಹಿತ ಕಂತಿನಲ್ಲಿಯೂ ಪ್ರೊಸೆಸಿಂಗ್ ಶುಲ್ಕ ಇರಬಹುದು. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿಯೂ ನಿಮ್ಮ ತಲೆಗೇ ಬರುತ್ತದೆ. ಶಿಕ್ಷಣ ಸಾಲ ಈಗಾಗಲೇ ಮಂಜೂರಾಗಿಲ್ಲವಾದರೆ ಅರ್ಜಿಯಲ್ಲೇ ಲ್ಯಾಪ್‌ಟಾಪಿನ ಕೊಟೇಶನ್ ಸೇರಿಸಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸ್ ಮುಗಿಸಲು ಅಗತ್ಯವಿದ್ದರೆ ಸಮಂಜಸ ಬೆಲೆಯ ಕಂಪ್ಯೂಟರನ್ನೂ ಖರ್ಚಿನಲ್ಲಿ ಸೇರಿಸಲು ಅವಕಾಶವಿದೆ. ಅಗತ್ಯವಿದೆಯೆಂದು ಕಾಲೇಜಿನಿಂದ ಒಂದು ಪತ್ರ ಪಡೆದಿಟ್ಟುಕೊಂಡರೆ ಬ್ಯಾಂಕಿನಲ್ಲಿ ಮಾತು ಸುಲಭವಾಗುತ್ತದೆ. ಆದರೆ ಆ ಸಾಲಕ್ಕೆ ವರ್ಷಗಟ್ಟಲೆ ಬಡ್ಡಿ ಬೆಳೆಯುತ್ತದೆ ಎಂಬುದನ್ನು ನೆನಪಿಡಿ. ಆರು ತಿಂಗಳಲ್ಲಿ ತೀರಿಸುವ ಶಕ್ತಿ ಇದ್ದರೆ ಕಂತೇ ಅಗ್ಗ. ದೋಷವಿರುವ ಯಂತ್ರ ಬಂದು ಮಾರಿದವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರರು ಬೇರೆ ಊರಿನವರಾದರೂ ಅಲ್ಲಿಗೆ ಅಲೆಯಬೇಕಾಗಿಲ್ಲ.